ಮಾತು ತಪ್ಪಿದರೆ ಎಷ್ಟು? ಅದನ್ನೂ ಬರೆಯಿರಿ

ಬ್ರಿಟನ್ನಿನ ಕನ್ನಡಿಗರೆಂದರೆ ಒಂದು ಕಾಲಕ್ಕೆ ವೈದ್ಯರು, ಆಮೇಲೆ ಸಾಫ್ಟ್‌ವೇರ್ ಎಂಜಿನಿಯರುಗಳು. ಈಗ ಆ ಲೆಕ್ಕ ಬದಲಾಗಿದೆ. ಹತ್ತು ಹದಿನೈದು ವರ್ಷ ಸಂಬಳಕ್ಕೆ ದುಡಿದವರು ಸ್ವಂತ ವ್ಯವಹಾರಕ್ಕೆ ಇಳಿಯುತ್ತಿದ್ದಾರೆ. ಒಬ್ಬರು ದೋಸೆ ಹೋಟೆಲ್ ಕೊಳ್ಳುತ್ತಾರೆ, ಇನ್ನೊಬ್ಬರು ಚಿಕ್ಕಮಗಳೂರಿನ ಕಾಫಿ ತರಿಸುತ್ತಾರೆ, ಮತ್ತೊಬ್ಬರು ನಾಲ್ಕು ಜನರನ್ನು ಇಟ್ಟುಕೊಂಡು ಸಣ್ಣ ಐಟಿ ಕಂಪನಿ ನಡೆಸುತ್ತಾರೆ. ಯುಗಾದಿ, ರಾಜ್ಯೋತ್ಸವದ ಕೂಟಗಳಲ್ಲಿ ಊಟ ಮುಗಿದು ಕೈ ತೊಳೆಯುವ ಹೊತ್ತಿಗೆ ಯಾರಾದರೂ ಪಕ್ಕಕ್ಕೆ ಕರೆದು, ‘ಸಾರ್, ಒಂದು ಅಗ್ರಿಮೆಂಟ್ ಇದೆ, ಸ್ವಲ್ಪ ನೋಡ್ತೀರಾ?’ ಎಂದು ಕೇಳುವುದು ಈಗ ಮಾಮೂಲಾಗಿದೆ.

ನಾನು ವಕೀಲನಲ್ಲ, ಲೆಕ್ಕಪರಿಶೋಧಕ. ಕರಾರು ಬರೆಯುವುದು ಇಲ್ಲಿನ ಸಾಲಿಸಿಟರುಗಳ ಕೆಲಸ. ಆದರೆ ಕರಾರು ಮುರಿದಾಗ ಆಗುವ ನಷ್ಟ ಕೊನೆಗೆ ಬಂದು ಕೂರುವುದು ಲೆಕ್ಕದ ಪುಸ್ತಕದಲ್ಲಿ. ಹಾಗಾಗಿ ನಾನು ಕರಾರನ್ನು ಹಿಂದಿನಿಂದ ಓದುತ್ತೇನೆ. ಮೊದಲ ಪುಟಗಳಲ್ಲಿ ಏನೇನು ಕೊಡುತ್ತೇವೆ ಎಂಬ ಮಾತುಗಳಿರುತ್ತವೆ. ಕೊಡದಿದ್ದರೆ ಏನು ಎಂಬುದು ಕೊನೆಯ ಪುಟಗಳಲ್ಲಿರುತ್ತದೆ. ಬಹುತೇಕರು ಮೊದಲ ಪುಟಗಳನ್ನು ಎರಡು ಸಲ ಓದಿ, ಕೊನೆಯವಕ್ಕೆ ಸುಮ್ಮನೆ ಸಹಿ ಹಾಕುತ್ತಾರೆ. ಕೊಟ್ಟ ಮಾತಿಗೆ ನಿಜವಾದ ಬೆಲೆ ಬರುವುದು ಆ ಕೊನೆಯ ಪುಟಗಳಿಂದ.

ಎಲ್ಲ ಮಾತೂ ಒಂದೇ ತೂಕದ್ದಲ್ಲ

ಇಂಗ್ಲಿಷ್ ಕಾನೂನು ಕರಾರಿನ ಮಾತುಗಳನ್ನು ತೂಕ ನೋಡಿ ವಿಂಗಡಿಸುತ್ತದೆ. ಅತಿ ಮುಖ್ಯವಾದ ಮಾತು ಕಂಡೀಷನ್, ಅಂದರೆ ಷರತ್ತು. ಅದು ಮುರಿದರೆ ಎದುರಿನವರು ಕರಾರನ್ನೇ ಮುಗಿಸಿ ಎದ್ದು ಹೋಗಬಹುದು, ನಷ್ಟವನ್ನೂ ಕೇಳಬಹುದು. ಅದಕ್ಕಿಂತ ಹಗುರವಾದದ್ದು ವಾರಂಟಿ. ಅದು ಮುರಿದರೆ ನಷ್ಟವನ್ನಷ್ಟೇ ಕೇಳಬಹುದು. ಕರಾರು ಮುಂದುವರಿಯುತ್ತದೆ, ನಿಮ್ಮ ಪಾಲಿನ ಕೆಲಸ ನೀವು ಮಾಡಲೇಬೇಕು. ಫ್ರಿಜ್ಜಿನ ಡಬ್ಬಿಯಲ್ಲಿ ಬರುವ ವಾರಂಟಿ ಕಾರ್ಡಿಗೂ ಈ ಪದಕ್ಕೂ ನೆಂಟಸ್ತನವಿದೆ, ಆದರೆ ಎರಡೂ ಒಂದೇ ಅಲ್ಲ.

ಈ ವ್ಯತ್ಯಾಸ ತಿಳಿಯಲು ಲಂಡನ್ನಿನ ಇಬ್ಬರು ಗಾಯಕರ ಮೊಕದ್ದಮೆಗಳು ಸಾಕು. ಎರಡೂ 1876ರಲ್ಲಿ ತೀರ್ಮಾನವಾದವು. ಮದಾಮ್ ಪುಸಾರ್ ಎಂಬ ಗಾಯಕಿ ಹೊಸ ಅಪೆರಾ ಒಂದರ ಮುಖ್ಯ ಪಾತ್ರಕ್ಕೆ ಒಪ್ಪಿಕೊಂಡಿದ್ದರು. ಕಾಯಿಲೆ ಬಿದ್ದು ಮೊದಲ ಪ್ರದರ್ಶನಕ್ಕೇ ಬರಲಾಗಲಿಲ್ಲ. ಸುಮಾರು ಒಂದು ವಾರದ ನಂತರ ಬಂದಾಗ ಆ ಪಾತ್ರ ಬೇರೊಬ್ಬರ ಪಾಲಾಗಿತ್ತು. ಹೊಸ ಆಟಕ್ಕೆ ಮೊದಲ ರಾತ್ರಿಯೇ ಜೀವಾಳ, ಆದ್ದರಿಂದ ಕರಾರು ಮುಗಿಸಿದ್ದು ಸರಿ ಎಂದಿತು ನ್ಯಾಯಾಲಯ. ಇನ್ನೊಬ್ಬ ಗಾಯಕ ಬೆಟಿನಿ. ಮೂರು ತಿಂಗಳಿಗೂ ಮಿಕ್ಕಿದ ಹಾಡುಗಾರಿಕೆಗೆ ಒಪ್ಪಿ, ತಾಲೀಮಿಗಾಗಿ ಆರು ದಿನ ಮುಂಚೆ ಲಂಡನ್ನಿನಲ್ಲಿರುತ್ತೇನೆ ಎಂದು ಮಾತು ಕೊಟ್ಟಿದ್ದರು. ಬಂದದ್ದು ಎರಡೇ ದಿನ ಮುಂಚೆ. ಅವರನ್ನು ತೆಗೆದುಹಾಕಿದ್ದು ತಪ್ಪು, ತಾಲೀಮಿನ ಮಾತು ಬರೀ ವಾರಂಟಿ ಎಂದು ತೀರ್ಪಾಯಿತು. ತಪ್ಪು ಇಬ್ಬರದೂ ತಡವಾಗಿ ಬಂದದ್ದೇ. ಆದರೆ ಒಬ್ಬರ ಮಾತು ಕರಾರಿನ ಬೆನ್ನೆಲುಬು, ಇನ್ನೊಬ್ಬರದು ಬೆರಳು.

ಇದು ಇಂಗ್ಲೆಂಡಿನ ಕಥೆ ಮಾತ್ರವಲ್ಲ. ಭಾರತದ 1930ರ ಸರಕು ಮಾರಾಟ ಕಾಯ್ದೆಯ 12ನೇ ಸೆಕ್ಷನ್ನಿನಲ್ಲೂ ಕಂಡೀಷನ್, ವಾರಂಟಿ ಎಂಬ ಇದೇ ವಿಂಗಡಣೆ ಇದೆ. ಬಿಕಾಂ ಓದಿದವರು ಪರೀಕ್ಷೆಗಾಗಿ ಇದನ್ನು ಬಾಯಿಪಾಠ ಮಾಡಿರುತ್ತಾರೆ. ವ್ಯಾಪಾರಕ್ಕಿಳಿದ ಮೇಲೆ ಮರೆತಿರುತ್ತಾರೆ.

ಹಾಗಾದರೆ ಮುಖ್ಯವಾದ ಮಾತಿನ ಪಕ್ಕದಲ್ಲಿ ‘ಇದು ಕಂಡೀಷನ್’ ಎಂದು ಬರೆದರೆ ಸಾಕೇ? ಸಾಲದು. ಷೂಲರ್ ಎಂಬ ಜರ್ಮನ್ ಕಂಪನಿಯ ಯಂತ್ರಗಳನ್ನು ಇಂಗ್ಲೆಂಡಿನಲ್ಲಿ ಮಾರಲು ವಿಕ್‌ಮನ್ ಎಂಬ ಕಂಪನಿ ಒಪ್ಪಿತ್ತು. ಆರು ದೊಡ್ಡ ಕಾರು ತಯಾರಕರನ್ನು ವಾರಕ್ಕೊಮ್ಮೆ ಭೇಟಿ ಮಾಡಲೇಬೇಕು, ಇದು ಕಂಡೀಷನ್ ಎಂದೇ ಕರಾರಿನಲ್ಲಿ ಬರೆದಿತ್ತು. ಕೆಲವು ಭೇಟಿಗಳು ತಪ್ಪಿದವು. ಷೂಲರ್ ಕರಾರು ಮುಗಿಸಿತು. 1973ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅದನ್ನು ಒಪ್ಪಲಿಲ್ಲ. ನಾಲ್ಕೂವರೆ ವರ್ಷದಲ್ಲಿ ಒಂದೇ ಒಂದು ಭೇಟಿ ತಪ್ಪಿದರೂ ಇಡೀ ಕರಾರು ಬಿದ್ದುಹೋಗಬೇಕು ಎಂದು ಇಬ್ಬರೂ ನಿಜವಾಗಿ ಅಂದುಕೊಂಡಿರಲಾರರು ಎಂಬುದು ಬಹುಮತದ ನ್ಯಾಯಮೂರ್ತಿಗಳ ನಿಲುವು.

ಮಾತಿಗೆ ಹಣೆಪಟ್ಟಿ ಹಚ್ಚಿದರೆ ಆಗದು, ಪರಿಣಾಮವನ್ನೂ ಬರೆಯಬೇಕು ಎಂಬುದು ಇದರಿಂದ ಕಲಿಯುವ ಪಾಠ. ‘ಮೂರು ತಿಂಗಳಲ್ಲಿ ಎರಡು ಸಲ ತಪ್ಪಿದರೆ ಬರಹದಲ್ಲಿ ತಿಳಿಸಿ, ಹದಿನಾಲ್ಕು ದಿನ ಸಮಯ ಕೊಟ್ಟು, ಆಮೇಲೂ ಸರಿಯಾಗದಿದ್ದರೆ ಕರಾರು ಮುಗಿಸಬಹುದು’ ಎಂದು ಬರೆದರೆ ಯಾವ ನ್ಯಾಯಾಧೀಶರೂ ನಿಮ್ಮ ಮನಸ್ಸಿನಲ್ಲೇನಿತ್ತು ಎಂದು ಊಹಿಸಬೇಕಾಗಿಲ್ಲ.

‘ಮಾಡೋಣ ಬಿಡಿ’ ಎಂದರೆ ಏನರ್ಥ?

ನಮ್ಮಲ್ಲಿ ‘ಮಾಡೋಣ ಬಿಡಿ’, ‘ನೋಡೋಣ’, ‘ಆಗುತ್ತೆ’ ಎಂಬ ಮೂರು ಉತ್ತರಗಳಿವೆ. ಕೇಳಿದವರು ಮೂರನ್ನೂ ಹೌದು ಎಂದೇ ತಿಳಿಯುತ್ತಾರೆ. ಹೇಳಿದವರ ಮನಸ್ಸಿನಲ್ಲಿ ಮೂರೂ ಬೇರೆ ಬೇರೆ. ಇಂಗ್ಲಿಷ್ ಕರಾರುಗಳಲ್ಲೂ ಈ ಕಾಟವಿದೆ. ‘ಮಾಡುವರು’ ಎಂದರೆ ಮಾಡಲೇಬೇಕು. ‘ಸಮಂಜಸ ಪ್ರಯತ್ನ ಮಾಡುವರು’ ಎಂದರೆ ಪ್ರಯತ್ನಪಟ್ಟದ್ದನ್ನು ತೋರಿಸಿದರೆ ಸಾಕು, ಕೆಲಸ ಆಗದಿದ್ದರೂ ಮಾತು ಮುರಿದಂತಾಗದು.

ಕಾಫಿಯ ಒಂದು ಉದಾಹರಣೆ ನೋಡಿ. ‘ಮಾರಾಟಗಾರರು ಉತ್ತಮ ಗುಣಮಟ್ಟದ ಕಾಫಿ ಬೀಜವನ್ನು ಆದಷ್ಟು ಬೇಗ ತಲುಪಿಸಲು ಪ್ರಯತ್ನಿಸುವರು’ ಎಂಬ ವಾಕ್ಯ ಓದಲು ಚೆನ್ನಾಗಿದೆ, ಆದರೆ ಅದರಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಉತ್ತಮ ಎಂದರೆ ಯಾರ ನಾಲಿಗೆಗೆ ಉತ್ತಮ? ಬೇಗ ಎಂದರೆ ಎಂದು?

ಅದನ್ನೇ ಹೀಗೆ ಬರೆಯಬಹುದು: ‘ಮಾರಾಟಗಾರರು ಒಪ್ಪಿಕೊಂಡ ಮಾದರಿಗೆ ಹೊಂದುವ ಪ್ಲಾಂಟೇಷನ್ ಎ ದರ್ಜೆಯ 1,200 ಕಿಲೋ ಕಾಫಿ ಬೀಜವನ್ನು, ತೇವಾಂಶ ಶೇ 12 ಮೀರದಂತೆ, 60 ಕಿಲೋ ಚೀಲಗಳಲ್ಲಿ, ಮಾರ್ಚ್ 31ರೊಳಗೆ ಮಂಗಳೂರು ಬಂದರಿನಲ್ಲಿ ಹಡಗಿಗೆ ಏರಿಸುವರು. ತಡವಾದರೆ ಪ್ರತಿ ಪೂರ್ಣ ವಾರಕ್ಕೆ ಬೆಲೆಯ ಶೇ 1ರಷ್ಟು, ಒಟ್ಟು ಶೇ 5 ಮೀರದಂತೆ, ಕಡಿತಗೊಳ್ಳುವುದು. ಐದು ವಾರ ಮೀರಿದರೆ ಕೊಳ್ಳುವವರು ಕರಾರು ಮುಗಿಸಿ ಮುಂಗಡ ಹಿಂಪಡೆಯಬಹುದು.’ ಒಟ್ಟು ಬೆಲೆ 9,600 ಪೌಂಡ್ ಎಂದಿಟ್ಟುಕೊಂಡರೆ ಒಂದು ವಾರದ ತಡಕ್ಕೆ 96 ಪೌಂಡ್, ಹೆಚ್ಚೆಂದರೆ 480 ಪೌಂಡ್. ಮಾರುವವರಿಗೆ ತಮ್ಮ ಗರಿಷ್ಠ ಹೊರೆ ಗೊತ್ತು, ಕೊಳ್ಳುವವರಿಗೆ ಹೊರಬರುವ ದಾರಿ ಗೊತ್ತು. ಸಾಹಿತ್ಯದ ದೃಷ್ಟಿಯಿಂದ ಒಣ ವಾಕ್ಯ, ಆದರೆ ಇಬ್ಬರಿಗೂ ನಿದ್ದೆ ಬರುವ ವಾಕ್ಯ.

ಗಿರಣಿಯ ದಂಡ, ಪಾರ್ಕಿಂಗ್ ದಂಡ

ದಂಡದ ಮೊತ್ತ ಬರೆಯದಿದ್ದರೆ ಏನಾಗುತ್ತದೆ? ಆಗ ಕಾನೂನು ತನ್ನದೇ ಅಳತೆಗೋಲು ಹಿಡಿಯುತ್ತದೆ. ಅದು ಹುಟ್ಟಿದ್ದು 1854ರಲ್ಲಿ, ಗ್ಲಾಸ್ಟರ್ ಪಟ್ಟಣದ ಒಂದು ಹಿಟ್ಟಿನ ಗಿರಣಿಯಿಂದ. ಉಗಿಯಂತ್ರದ ಶಾಫ್ಟ್ ಮುರಿಯಿತು. ಹೊಸದನ್ನು ಮಾಡಿಸಲು ಮುರಿದದ್ದನ್ನೇ ಮಾದರಿಯಾಗಿ ಗ್ರೀನಿಚ್‌ಗೆ ಕಳಿಸಿದರು. ಸಾಗಣೆದಾರರು ತಡ ಮಾಡಿದರು. ಅಷ್ಟು ದಿನ ಗಿರಣಿ ನಿಂತಿತು. ನಿಂತ ದಿನಗಳ ಲಾಭ ಕೊಡಿ ಎಂದು ಗಿರಣಿಯವರು ಕೇಳಿದರು. ಸಿಗಲಿಲ್ಲ. ಬೇರೆ ಶಾಫ್ಟ್ ಇಲ್ಲ, ಇದು ಬರುವತನಕ ಗಿರಣಿ ನಿಂತಿರುತ್ತದೆ ಎಂಬುದು ಸಾಗಣೆದಾರರಿಗೆ ತಿಳಿಯಲು ಕಾರಣವಿರಲಿಲ್ಲ ಎಂಬ ಆಧಾರದ ಮೇಲೆ ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್ ಎಂಬ ಆ ತೀರ್ಪು ಬಂತು. ಸಹಜವಾಗಿ ಆಗುವ ನಷ್ಟ, ಅಥವಾ ಕರಾರಿನ ಹೊತ್ತಿಗೆ ಇಬ್ಬರ ಅರಿವಿನಲ್ಲೂ ಇದ್ದ ನಷ್ಟ, ಇವೆರಡೇ ಸಿಗುತ್ತವೆ.

ಭಾರತದ 1872ರ ಕರಾರು ಕಾಯ್ದೆಯ 73ನೇ ಸೆಕ್ಷನ್ ಇದೇ ತತ್ವದ ಮೇಲೆ ನಿಂತಿದೆ. ಆ ಸೆಕ್ಷನ್ನಿನ ಕೆಳಗಿನ ಉದಾಹರಣೆಗಳಲ್ಲಿ ಒಂದು ಗಿರಣಿಯೂ ಇದೆ. ಅಲ್ಲಿ ಮಾಲೀಕ, ಯಂತ್ರವಿಲ್ಲದೆ ಗಿರಣಿ ನಿಂತಿದೆ ಎಂದು ಸಾಗಣೆದಾರನಿಗೆ ಮೊದಲೇ ಹೇಳಿರುತ್ತಾನೆ. ಆದ್ದರಿಂದ ಗಿರಣಿ ನಿಂತ ದಿನಗಳ ಸರಾಸರಿ ಲಾಭ ಅವನಿಗೆ ಸಿಗುತ್ತದೆ. ಆದರೆ ಅದೇ ತಡದಿಂದ ಕೈತಪ್ಪಿದ ಸರ್ಕಾರಿ ಗುತ್ತಿಗೆಯ ನಷ್ಟ ಸಿಗುವುದಿಲ್ಲ. ಒಂದು ಮಾತು ಮೊದಲೇ ಹೇಳಿದ್ದರಿಂದ ಎಷ್ಟು ವ್ಯತ್ಯಾಸ! ‘ಈ ಸಾಫ್ಟ್‌ವೇರ್ ಡಿಸೆಂಬರ್ 1ಕ್ಕೆ ಬರದಿದ್ದರೆ ನಮ್ಮ ಕ್ರಿಸ್‌ಮಸ್ ಮಾರಾಟ ಹೋಗುತ್ತದೆ’ ಎಂಬ ಒಂದು ಸಾಲು ಕರಾರಿನಲ್ಲಿದ್ದರೆ ಮುಂದೆ ನೀವು ಕೇಳುವ ನಷ್ಟಕ್ಕೆ ಬುನಾದಿ ಇರುತ್ತದೆ.

ಮೊತ್ತವನ್ನೇ ಮುಂಚಿತವಾಗಿ ಬರೆದರೆ ಇನ್ನೂ ಒಳ್ಳೆಯದು. ಆದರೆ ಎದುರಿನವರನ್ನು ಹೆದರಿಸುವಷ್ಟು ದೊಡ್ಡ ಮೊತ್ತ ನಿಲ್ಲದು. ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2015ರಲ್ಲಿ ಎರಡು ಮೊಕದ್ದಮೆಗಳನ್ನು ಜೊತೆಗೂಡಿಸಿ ಹೇಳಿತು. ಒಂದು, ದೊಡ್ಡ ಕಂಪನಿಯ ಷೇರು ಮಾರಾಟದ್ದು. ಇನ್ನೊಂದು, ಚೆಮ್ಸ್‌ಫರ್ಡ್ ಪಟ್ಟಣದ ಅಂಗಡಿ ಸಾಲಿನ ಕಾರ್ ಪಾರ್ಕಿನದು. ಅಲ್ಲಿ ಎರಡು ಗಂಟೆ ಉಚಿತ. ಬೀವಿಸ್ ಎಂಬುವರ ಕಾರು 56 ನಿಮಿಷ ಹೆಚ್ಚು ನಿಂತಿತು. ದಂಡ 85 ಪೌಂಡ್. ಅಂಗಡಿಗಳಿಗೆ ಬರುವ ಎಲ್ಲರಿಗೂ ಜಾಗ ಸಿಗುವಂತೆ ನೋಡಿಕೊಳ್ಳುವುದು ನ್ಯಾಯವಾದ ಹಿತಾಸಕ್ತಿ, ಅದಕ್ಕೆ ಹೋಲಿಸಿದರೆ ಈ ಮೊತ್ತ ಅತಿಯಲ್ಲ ಎಂದು ಕೋರ್ಟ್ ದಂಡವನ್ನು ಎತ್ತಿಹಿಡಿಯಿತು. ಯಾವ ಹಿತ ಕಾಪಾಡಲು ಈ ದಂಡ, ಆ ಹಿತಕ್ಕೆ ಇದು ಮಿತಿಮೀರಿದ್ದೇ ಎಂಬುದೇ ಈಗ ಇಲ್ಲಿನ ಪರೀಕ್ಷೆ.

ಭಾರತದಲ್ಲಿ ದಾರಿ ಸ್ವಲ್ಪ ಬೇರೆ. 74ನೇ ಸೆಕ್ಷನ್ ಪ್ರಕಾರ ಕರಾರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ. ಅದರೊಳಗೆ ಸಮಂಜಸವಾದ ಪರಿಹಾರವನ್ನು ನ್ಯಾಯಾಲಯ ನಿಗದಿ ಮಾಡುತ್ತದೆ. ಹಾಗಾಗಿ ಒಂದೇ ವಾಕ್ಯ ಲಂಡನ್ನಿನಲ್ಲಿ ಒಂದು ಫಲ ಕೊಟ್ಟರೆ ಬೆಂಗಳೂರಿನಲ್ಲಿ ಇನ್ನೊಂದು ಕೊಡಬಹುದು.

ಹಣ ತಡವಾಗಿ ಕೊಡುವವರ ವಿಷಯದಲ್ಲಿ ಮಾತ್ರ ಇಲ್ಲಿನ ಸಣ್ಣ ವ್ಯಾಪಾರಿಗಳಿಗೆ ಕಾನೂನೇ ದಂಡ ಬರೆದುಕೊಟ್ಟಿದೆ. 1998ರ ಕಾಯ್ದೆಯ ಪ್ರಕಾರ ವ್ಯಾಪಾರಸ್ಥರ ನಡುವಿನ ಬಾಕಿಗೆ ಬ್ಯಾಂಕ್ ಆಫ್ ಇಂಗ್ಲೆಂಡ್ ದರದ ಮೇಲೆ ಶೇ 8 ಬಡ್ಡಿ, ಜೊತೆಗೆ ಬಾಕಿಯ ಗಾತ್ರ ನೋಡಿ 40, 70 ಅಥವಾ 100 ಪೌಂಡ್ ನಿಗದಿತ ಮೊತ್ತ ಕೇಳಬಹುದು. ಬ್ಯಾಂಕ್ ದರ ಶೇ 4 ಎಂದುಕೊಳ್ಳಿ. 12,000 ಪೌಂಡಿನ ಬಿಲ್ 90 ದಿನ ತಡವಾದರೆ ಬಡ್ಡಿ ಸುಮಾರು 355 ಪೌಂಡ್, ಅದರ ಮೇಲೆ 100. ಕರಾರಿನಲ್ಲಿ ಬೇರೆ ಬಡ್ಡಿ ದರಕ್ಕೆ ಒಪ್ಪಿರದಿದ್ದರೆ ಇದು ತಾನಾಗಿಯೇ ಸಿಗುವ ಹಕ್ಕು. ಊರಿನಲ್ಲಿರುವ ಸಣ್ಣ ಉದ್ದಿಮೆದಾರರಿಗೂ 2006ರ ಎಂಎಸ್‌ಎಂಇ ಕಾಯ್ದೆಯಲ್ಲಿ 45 ದಿನದ ಗಡುವು, ಅದು ದಾಟಿದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಯ ರಕ್ಷಣೆ ಇದೆ. ಇದನ್ನು ಬಿಲ್ಲಿನ ಕೆಳಗೆ ಒಂದು ಸಾಲಿನಲ್ಲಿ ಅಚ್ಚು ಹಾಕಿಸಿದರೆ ಖರ್ಚೇನೂ ಇಲ್ಲ.

‘ನಮ್ಮೋರೇ ಅಲ್ವಾ ಸಾರ್’

ಹೆಚ್ಚು ಹಣ ಕಳೆದುಹೋಗುವುದನ್ನು ನಾನು ಕಂಡಿರುವುದು ನಡೆಯುತ್ತಿರುವ ವ್ಯವಹಾರ ಕೊಳ್ಳುವಾಗ. ದಾವಣಗೆರೆ ಕಡೆಯ ಒಂದು ಕುಟುಂಬ ಇಲ್ಲಿ ಸಣ್ಣ ಹೋಟೆಲ್ ನಡೆಸುವ ಕಂಪನಿಯನ್ನು 1,40,000 ಪೌಂಡ್ ಕೊಟ್ಟು ಕೊಂಡಿತು. ಮನೆಯ ಮೇಲೆ ಮತ್ತೆ ಸಾಲ ಎತ್ತಿದ ಹಣ ಅದು. ಮಾರಿದವರೂ ಕನ್ನಡಿಗರೇ, ಹಬ್ಬದಲ್ಲಿ ಒಟ್ಟಿಗೆ ಊಟ ಮಾಡುತ್ತಿದ್ದವರು. ಕೊಂಡಾದ ಮೇಲೆ ಲೆಕ್ಕ ಬರೆಸಲು ನನ್ನ ಬಳಿ ಬಂದರು.

ಒಂದೂಕಾಲು ವರ್ಷದ ಹೊತ್ತಿಗೆ ತೆರಿಗೆ ಇಲಾಖೆಯ ಪತ್ರ ಬಂತು. ಬ್ರಿಟನ್ನಿನಲ್ಲಿ ತಣ್ಣನೆಯ ಆಹಾರ ಪಾರ್ಸೆಲ್ ಕಟ್ಟಿಸಿಕೊಂಡು ಹೋದರೆ ಬಹುಪಾಲು ಶೂನ್ಯ ವ್ಯಾಟ್. ಬಿಸಿ ದೋಸೆ, ಬಿಸಿ ಇಡ್ಲಿ ಪಾರ್ಸೆಲ್ಲಾದರೆ ಶೇ 20. ಹಿಂದಿನ ಮಾಲೀಕರ ಕಾಲದಲ್ಲಿ ಬಿಸಿ ಪಾರ್ಸೆಲ್ಲನ್ನೂ ಶೂನ್ಯದಲ್ಲಿ ತೋರಿಸಲಾಗಿತ್ತು. ಹಳೆಯ ಬಾಕಿ 23,000 ಪೌಂಡ್. ಷೇರು ಕೊಂಡರೆ ಕಂಪನಿಯ ಹಳೆಯ ಸಾಲವೂ ಅದರೊಂದಿಗೇ ಬರುತ್ತದೆ, ಮಾಲೀಕರು ಬದಲಾದರು ಎಂದು ತೆರಿಗೆ ಇಲಾಖೆ ಬಿಡುವುದಿಲ್ಲ.

ಕರಾರು ತೆಗೆದು ನೋಡಿದೆವು. ‘ಕಂಪನಿ ಎಲ್ಲ ತೆರಿಗೆಗಳನ್ನೂ ಸರಿಯಾಗಿ ಕಟ್ಟಿದೆ’ ಎಂಬ ವಾರಂಟಿ ಇತ್ತು. ಆದರೆ ಅದರ ಹಿಂದಿನ ಪುಟಗಳಲ್ಲಿ ಮೂರು ಬೇಲಿಗಳಿದ್ದವು. ಮೊದಲನೆಯದು, ಅದು ವಾರಂಟಿ ಮಾತ್ರ. ಮಾತು ಸುಳ್ಳಾದದ್ದರಿಂದ ಷೇರಿನ ಬೆಲೆ ಎಷ್ಟು ಕುಸಿಯಿತು ಎಂಬುದನ್ನು ಕೊಂಡವರೇ ಸಾಬೀತು ಮಾಡಬೇಕು. ಕುಸಿದ ಬೆಲೆಯೂ ಕಟ್ಟಿದ ತೆರಿಗೆಯೂ ಒಂದೇ ಆಗಿರಬೇಕೆಂದೇನೂ ಇಲ್ಲ. ಎರಡನೆಯದು, 18 ತಿಂಗಳೊಳಗೆ ದೂರು ಕೊಡಬೇಕು. ಮೂರನೆಯದು, ಆ ದೂರು ಬರಹದಲ್ಲಿ, ಕರಾರಿನಲ್ಲಿರುವ ವಿಳಾಸಕ್ಕೆ ಅಂಚೆಯ ಮೂಲಕ ಹೋಗಬೇಕು.

ಇವರು ಮೂರು ತಿಂಗಳ ಕಾಲ ಫೋನಿನಲ್ಲಿ ಮಾತಾಡಿದ್ದರು, ವಾಟ್ಸ್ಆ್ಯಪ್‌ನಲ್ಲಿ ಬರೆದಿದ್ದರು. ‘ಅಣ್ಣಾ, ಹೀಗಾಗಿದೆ’ ಎಂದರೆ ‘ನೋಡೋಣ ಬಿಡು, ಮಾತಾಡೋಣ’ ಎಂಬ ಉತ್ತರ. ಸಾಲಿಸಿಟರ್ ಪತ್ರ ಅಂಚೆಗೆ ಬಿದ್ದದ್ದು ಇಪ್ಪತ್ತನೇ ತಿಂಗಳಲ್ಲಿ. ಕೊನೆಗೆ ಸಂಧಾನಕಾರರ ಎದುರು ಕೂತು ಸುಮಾರು ಮೂರನೇ ಒಂದು ಭಾಗ ವಾಪಸ್ ಬಂತು, ಅದರಲ್ಲೂ ವಕೀಲರ ಶುಲ್ಕ ಕಳೆಯಬೇಕು. ಈಗ ಆ ಎರಡು ಮನೆಯವರು ಕೂಟಗಳಲ್ಲಿ ಬೇರೆ ಬೇರೆ ಸಾಲಿನಲ್ಲಿ ಕೂರುತ್ತಾರೆ. ಮಕ್ಕಳು ಕನ್ನಡ ತರಗತಿಯಲ್ಲಿ ಪಕ್ಕಪಕ್ಕದಲ್ಲಿ ಕೂರುವವರು, ಅವರಿಗೆ ಇದೇನೆಂದು ಗೊತ್ತಿಲ್ಲ.

ಇಲ್ಲಿ ಬೇಕಿದ್ದ ಪದ ಇಂಡೆಮ್ನಿಟಿ, ಅಂದರೆ ನಷ್ಟಭರ್ತಿಯ ಮಾತು. ‘ಮಾರಾಟಕ್ಕೆ ಮುಂಚಿನ ಅವಧಿಯ ಯಾವುದೇ ತೆರಿಗೆ ಬಂದರೂ ಮಾರಿದವರು ಪೌಂಡಿಗೆ ಪೌಂಡ್ ತುಂಬಿಕೊಡುವರು’ ಎಂಬ ಒಂದು ವಾಕ್ಯ. ಅಲ್ಲಿ ಷೇರಿನ ಬೆಲೆ ಕುಸಿದದ್ದನ್ನು ಸಾಬೀತು ಮಾಡುವ ಪ್ರಶ್ನೆಯಿಲ್ಲ, ಬಿಲ್ ತೋರಿಸಿದರೆ ಆಯಿತು. ಅವಧಿಯ ಲೆಕ್ಕವೂ ತೆರಿಗೆ ಕಾನೂನಿನ ಲೆಕ್ಕಕ್ಕೆ ಹೊಂದಬೇಕು. ವ್ಯಾಟ್ ಬಾಕಿಯನ್ನು ಇಲಾಖೆ ಸಾಮಾನ್ಯವಾಗಿ ನಾಲ್ಕು ವರ್ಷ ಹಿಂದಕ್ಕೆ ಹೋಗಿ ಕೇಳಬಹುದು, ಬೇಕೆಂದೇ ಮುಚ್ಚಿಟ್ಟಿದ್ದರೆ ಇಪ್ಪತ್ತು ವರ್ಷ. ನಿಮ್ಮ ರಕ್ಷಣೆ 18 ತಿಂಗಳಿಗೆ ಮುಗಿದರೆ ನಡುವಿನ ಎರಡೂವರೆ ವರ್ಷ ಕೊಡೆಯಿಲ್ಲದೆ ಮಳೆಯಲ್ಲಿ ನಿಂತಂತೆ. ಅದಕ್ಕೇ ಇಲ್ಲಿನ ಒಳ್ಳೆಯ ಕರಾರುಗಳಲ್ಲಿ ಸಾಮಾನ್ಯ ವಾರಂಟಿಗೆ ಒಂದೆರಡು ವರ್ಷವಿದ್ದರೂ ತೆರಿಗೆಗೆ ಸಾಮಾನ್ಯವಾಗಿ ಏಳು ವರ್ಷ ಇಡುತ್ತಾರೆ. ಇದರ ಜೊತೆಗೆ ಬೆಲೆಯ ಒಂದಿಷ್ಟು ಭಾಗವನ್ನು ವರ್ಷದ ಮಟ್ಟಿಗೆ ಸಾಲಿಸಿಟರ್ ಖಾತೆಯಲ್ಲಿ ಹಿಡಿದಿಡಿಸಿದರೆ ಕೇಳಲು ಬಾಗಿಲು ತಟ್ಟಬೇಕಾಗುವುದಿಲ್ಲ.

ಇಷ್ಟನ್ನೂ ಮುಂಚೆಯೇ ಯಾಕೆ ಬರೆಸಿಕೊಳ್ಳಲಿಲ್ಲ ಎಂದರೆ ಸಿಕ್ಕ ಉತ್ತರ: ‘ನಮ್ಮೋರೇ ಅಲ್ವಾ ಸಾರ್, ಇಷ್ಟೆಲ್ಲ ಬರೆಸ್ಕೊಂಡ್ರೆ ಏನಂದ್ಕೋತಾರೆ?’

ಈ ಸಂಕೋಚ ನಮ್ಮ ರಕ್ತದಲ್ಲಿದೆ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದವರು ನಾವು. ಕರುವಿಗೆ ಹಾಲು ಕೊಟ್ಟು ಬರುತ್ತೇನೆ ಎಂದ ಹಸು ಹುಲಿಯ ಬಳಿಗೆ ಹಿಂತಿರುಗಿತು, ಯಾವ ಪತ್ರವೂ ಇರಲಿಲ್ಲ, ಸಾಕ್ಷಿಯೂ ಇರಲಿಲ್ಲ. ಆ ಕಥೆ ಮನುಷ್ಯರಾಗಿ ಬದುಕುವುದಕ್ಕೆ ಬೇಕು. ಆದರೆ ಮಾರಿದವರು ಇಲ್ಲಿ ಪುಣ್ಯಕೋಟಿಯೋ ಅಲ್ಲವೋ ಎಂಬುದು ಪ್ರಶ್ನೆಯೇ ಅಲ್ಲ. ಅವರಿಗೂ ವ್ಯಾಟ್ ತಪ್ಪಾಗಿದೆ ಎಂದು ಗೊತ್ತಿರಲಿಲ್ಲವೆಂದೇ ನನ್ನ ನಂಬಿಕೆ. ಇಬ್ಬರು ಒಳ್ಳೆಯವರ ನಡುವೆಯೂ 23,000 ಪೌಂಡಿನ ಬಿಲ್ ಬಂದು ಬೀಳಬಹುದು. ಆಗ ಯಾರು ಎಷ್ಟು ಹೊರಬೇಕು ಎಂದು ಮೊದಲೇ ಬರೆದಿದ್ದರೆ ಅದು ಲೆಕ್ಕದ ವಿಷಯ. ಬರೆಯದಿದ್ದರೆ ಅದು ನಂಬಿಕೆದ್ರೋಹದ ವಿಷಯವಾಗುತ್ತದೆ. ಕರಾರು ಬರೆಯುವುದು ಅಪನಂಬಿಕೆಯ ಗುರುತಲ್ಲ, ಸ್ನೇಹಕ್ಕೆ ಕಟ್ಟಿದ ಕಟ್ಟೆ.

ಇನ್ನೊಂದು ಎಚ್ಚರಿಕೆ. ಬಹುತೇಕ ಕರಾರುಗಳ ಕೊನೆಯಲ್ಲಿ ‘ಬರಹದಲ್ಲಿ ಸಹಿಯಿಲ್ಲದೆ ಈ ಕರಾರನ್ನು ಬದಲಿಸುವಂತಿಲ್ಲ’ ಎಂಬ ಸಾಲಿರುತ್ತದೆ. ಲಂಡನ್ನಿನಲ್ಲಿ ಕಚೇರಿ ಜಾಗ ಬಾಡಿಗೆಗೆ ಪಡೆದಿದ್ದ ರಾಕ್ ಅಡ್ವರ್ಟೈಸಿಂಗ್ ಎಂಬ ಸಣ್ಣ ಕಂಪನಿ ಬಾಕಿಯನ್ನು ಕಂತುಗಳಲ್ಲಿ ಕಟ್ಟಲು ಎದುರಿನವರು ಬಾಯಿಮಾತಿನಲ್ಲಿ ಒಪ್ಪಿದ್ದಾರೆ ಎಂದು ವಾದಿಸಿತು. 2018ರಲ್ಲಿ ಸುಪ್ರೀಂ ಕೋರ್ಟ್, ಬರಹದಲ್ಲೇ ಆಗಬೇಕೆಂದು ನೀವೇ ಒಪ್ಪಿದ ಮೇಲೆ ಬಾಯಿಮಾತಿನ ಬದಲಾವಣೆ ನಿಲ್ಲದು ಎಂದಿತು. ಫೋನಿನಲ್ಲಿ ಸಿಕ್ಕ ರಿಯಾಯಿತಿಯನ್ನು ಅಂದೇ ಸಂಜೆ ಬರೆದು ಇಬ್ಬರೂ ಸಹಿ ಹಾಕಿ ಇಟ್ಟುಕೊಳ್ಳಿ.

ಜಗಳ ಎಲ್ಲಿ ಬಗೆಹರಿಯಬೇಕು?

‘ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ’ ಎಂಬ ಗಾದೆಗೆ ದೇಶದ ಗಡಿಯಿಲ್ಲ. ಆದ್ದರಿಂದ ಕರಾರಿನಲ್ಲಿ ಮೆಟ್ಟಿಲುಗಳನ್ನು ಬರೆಯಬೇಕು. ಮೊದಲು ಎರಡೂ ಕಡೆಯ ಯಜಮಾನರು ಹದಿನಾಲ್ಕು ದಿನದೊಳಗೆ ಕೂತು ಮಾತಾಡುವುದು. ಆಗದಿದ್ದರೆ ಮೀಡಿಯೇಷನ್, ಅಂದರೆ ತಟಸ್ಥರೊಬ್ಬರು ರಾಜಿ ಮಾಡಿಸುವುದು. ಅವರು ತೀರ್ಪು ಕೊಡುವುದಿಲ್ಲ. ಅದೂ ಆಗದಿದ್ದರೆ ಕೋರ್ಟ್ ಅಥವಾ ಆರ್ಬಿಟ್ರೇಷನ್. ಇಲ್ಲಿ ನೀವೇ ಒಪ್ಪಿದ ಪಂಚರು ಕೊಡುವ ತೀರ್ಪಿಗೆ ಕಾನೂನಿನ ಬಲವಿದೆ.

ಇಂಗ್ಲೆಂಡಿನ ನ್ಯಾಯಾಲಯಗಳೂ ಈಗ ರಾಜಿಯ ಕಡೆಗೇ ತಳ್ಳುತ್ತಿವೆ. ಮೊಕದ್ದಮೆ ತಡೆಹಿಡಿದು ರಾಜಿಗೆ ಪ್ರಯತ್ನಿಸಿ ಎಂದು ಆದೇಶಿಸುವ ಅಧಿಕಾರ ನ್ಯಾಯಾಲಯಕ್ಕಿದೆ ಎಂದು 2023ರಲ್ಲಿ ಕೋರ್ಟ್ ಆಫ್ ಅಪೀಲ್ ಹೇಳಿತು. 2024ರ ಮೇ ತಿಂಗಳಿಂದ, ಸಾಮಾನ್ಯವಾಗಿ 10,000 ಪೌಂಡ್‌ವರೆಗಿನ ಸಣ್ಣ ಹಣದ ದಾವೆಗಳಲ್ಲಿ ಫೋನಿನ ಮೂಲಕ ಒಂದು ಗಂಟೆಯ ಉಚಿತ ರಾಜಿ ಮಾತುಕತೆ ಕಡ್ಡಾಯವಾಗಿದೆ.

ಆರ್ಬಿಟ್ರೇಷನ್ ಎಂದರೆ ದೊಡ್ಡಸ್ತಿಕೆ ಎಂಬ ಭಾವನೆ ಕೆಲವರಲ್ಲಿದೆ. ಪಂಚರ ಶುಲ್ಕ, ಸಂಸ್ಥೆಯ ಶುಲ್ಕ, ವಕೀಲರ ಶುಲ್ಕ ಎಲ್ಲವೂ ನಿಮ್ಮದೇ. 9,600 ಪೌಂಡಿನ ಕಾಫಿಗೆ ಮೂವರು ಪಂಚರ ಆರ್ಬಿಟ್ರೇಷನ್ ಬರೆದರೆ ಮೂಗಿಗಿಂತ ಮೂಗುತಿ ಭಾರ. ಆದರೆ ಎರಡು ದೇಶಗಳ ನಡುವಿನ ದೊಡ್ಡ ವ್ಯವಹಾರಕ್ಕೆ ಅದರಿಂದ ಒಂದು ದೊಡ್ಡ ಅನುಕೂಲವಿದೆ. 1958ರ ನ್ಯೂಯಾರ್ಕ್ ಒಪ್ಪಂದಕ್ಕೆ ಭಾರತ 1960ರಲ್ಲಿ, ಬ್ರಿಟನ್ 1975ರಲ್ಲಿ ಸೇರಿದವು. ಅದರಿಂದ ಲಂಡನ್ನಿನ ಪಂಚತೀರ್ಪನ್ನು ಭಾರತದಲ್ಲಿ, ಭಾರತದ್ದನ್ನು ಇಲ್ಲಿ ಜಾರಿ ಮಾಡಿಸಬಹುದು. ಕೋರ್ಟ್ ತೀರ್ಪಿಗೂ ದಾರಿಯಿದೆ. ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಸೆಕ್ಷನ್ ಅಡಿ ಇಂಗ್ಲೆಂಡಿನ ಹೈಕೋರ್ಟ್‌ನಂಥ ಮೇಲಿನ ನ್ಯಾಯಾಲಯಗಳ ತೀರ್ಪನ್ನು ಅಲ್ಲಿನ ಜಿಲ್ಲಾ ನ್ಯಾಯಾಲಯದಲ್ಲಿ ಜಾರಿಗೆ ಹಾಕಬಹುದು. ಎದುರಿನವರ ಆಸ್ತಿ ಯಾವ ದೇಶದಲ್ಲಿದೆ ಎಂಬುದನ್ನು ಮೊದಲು ನೋಡಿ, ಆಮೇಲೆ ಜಾಗ ಆರಿಸಿ.

ಯಾವ ದೇಶದ ಕಾನೂನು ಎಂಬುದು ಇನ್ನೊಂದೇ ಪ್ರಶ್ನೆ. ಅಂತರರಾಷ್ಟ್ರೀಯ ಸರಕು ಮಾರಾಟಕ್ಕೆ ವಿಶ್ವಸಂಸ್ಥೆಯ 1980ರ ಒಪ್ಪಂದವಿದೆ; ಅನೇಕ ದೇಶಗಳು ಅದನ್ನು ಒಪ್ಪಿದ್ದರೂ ಭಾರತವಾಗಲಿ ಬ್ರಿಟನ್ನಾಗಲಿ ಅದಕ್ಕೆ ಸೇರಿಲ್ಲ. ಆದ್ದರಿಂದ ಹಾಸನದ ಮಾರಾಟಗಾರರೂ ಹೌನ್ಸ್ಲೋದ ಕೊಳ್ಳುವವರೂ ಕಾನೂನನ್ನು ತಾವೇ ಹೆಸರಿಸುವುದು ಒಳ್ಳೆಯದು. ಅದರಿಂದ ಫಲವೂ ಬದಲಾಗುತ್ತದೆ. ‘18 ತಿಂಗಳ ನಂತರ ಯಾವ ಹಕ್ಕೂ ಇಲ್ಲ’ ಎಂಬ ಸಾಲು ವ್ಯಾಪಾರಿಗಳ ನಡುವೆ ಇಂಗ್ಲಿಷ್ ಕಾನೂನಿನಲ್ಲಿ ಸಾಮಾನ್ಯವಾಗಿ ನಿಲ್ಲುತ್ತದೆ. ಭಾರತದ ಕರಾರು ಕಾಯ್ದೆಯ 28ನೇ ಸೆಕ್ಷನ್ ಹಕ್ಕನ್ನು ಹೀಗೆ ಅವಧಿಗೆ ಮೊದಲೇ ಅಳಿಸುವ ಮಾತನ್ನು ಸಾಮಾನ್ಯವಾಗಿ ಅಸಿಂಧು ಎನ್ನುತ್ತದೆ.

ಐದು ಪ್ರಶ್ನೆಗಳ ಪರೀಕ್ಷೆ

ಭಾರತ ಮತ್ತು ಬ್ರಿಟನ್ ನಡುವೆ 2025ರ ಜುಲೈನಲ್ಲಿ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಿದೆ. ನಮ್ಮ ಕಾಫಿ, ಮಸಾಲೆ, ಸಿದ್ಧ ಉಡುಪು, ಸಾಫ್ಟ್‌ವೇರ್ ಸೇವೆಗಳಲ್ಲಿ ಹೊಸಬರು ಕೈಹಾಕುವ ಕಾಲವಿದು. ಅವರಲ್ಲಿ ಅನೇಕರ ಮೊದಲ ಕರಾರು ಪರಿಚಯದವರ ಜೊತೆಗೇ ಇರುತ್ತದೆ. ಕರಾರಿನಲ್ಲಿರುವ ಪ್ರತಿ ಮುಖ್ಯ ಮಾತಿಗೂ ಐದು ಪ್ರಶ್ನೆ ಹಾಕಿ ನೋಡಿ. ಯಾರು ಮಾಡಬೇಕು? ಅಳೆಯಬಹುದಾದಂತೆ ಏನು ಮಾಡಬೇಕು? ಎಂದಿನೊಳಗೆ? ತಪ್ಪಿದರೆ ಎಷ್ಟು, ಮತ್ತು ಕರಾರು ಮುಗಿಸಬಹುದೇ? ಆ ಹಣವನ್ನು ಎಲ್ಲಿ, ಯಾವ ವಿಳಾಸಕ್ಕೆ ಯಾವ ರೀತಿ ಬರೆದು, ಎಷ್ಟು ದಿನದೊಳಗೆ ಕೇಳಬೇಕು? ಯಾವ ಪ್ರಶ್ನೆಗೆ ಉತ್ತರ ಸಿಗುವುದಿಲ್ಲವೋ ಅಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿ, ಆ ಪುಟ ಹಿಡಿದು ಸಾಲಿಸಿಟರ್ ಬಳಿ ಹೋಗಿ. ಅವರ ಸಮಯವೂ ಉಳಿಯುತ್ತದೆ, ನಿಮ್ಮ ಶುಲ್ಕವೂ ಉಳಿಯುತ್ತದೆ.

ಈಗಾಗಲೇ ಸಹಿ ಹಾಕಿರುವವರು ಒಂದು ಕೆಲಸ ಮಾಡಬಹುದು. ಕರಾರಿನ ಪ್ರತಿ ತೆಗೆದು, ದೂರು ಕೊಡಲು ಕೊನೆಯ ದಿನ ಯಾವುದು ಎಂದು ಹುಡುಕಿ. ಆ ದಿನಕ್ಕೆ ಎರಡು ತಿಂಗಳು ಮುಂಚಿನ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಆ ದಿನ ಬಂದಾಗ ಲೆಕ್ಕವನ್ನೆಲ್ಲ ಒಮ್ಮೆ ತಿರುವಿ ನೋಡಿ, ಏನಾದರೂ ಕಂಡರೆ ಫೋನಿಗೆ ಮುಂಚೆ ಪತ್ರ ಬರೆಯಿರಿ. ಪತ್ರ ಅಂಚೆಗೆ ಹಾಕಿದ ರಸೀದಿ ಕೈಯಲ್ಲಿಟ್ಟುಕೊಂಡು ಆಮೇಲೆ ಅಣ್ಣನಿಗೆ ಫೋನ್ ಮಾಡಿ, ಆರಾಮಾಗಿ ಮಾತಾಡಿ.